ದಾವಣಗೆರೆ ಹಿರಿಯರಿಗೆ ಮುಂದೆ ಏನು ಬೇಕು? ವಾರ್ಡಿಗೊಂದು ಹಗಲು ಕೇಂದ್ರ ಆಗ್ಲೇಬೇಕು ಅಂತೀನಿ, ನೀವೇನಂತೀರಿ

ನಿಟುವಳ್ಳಿ ನಿವಾಸಿ:
ಎಲ್ರಿಗೂ ನಮಸ್ಕಾರ. ನಮ್ಮೂರಲ್ಲಿ ವಯಸ್ಸಾದವರ ವಿಷಯ ಬಂದ್ರೆ ಮಾತು ಎರಡೇ ಕಡೆ ಹೋಗಿ ನಿಲ್ಲುತ್ತೆ, ಒಂದು ವೃದ್ಧಾಶ್ರಮ, ಇನ್ನೊಂದು ಅಕ್ಟೋಬರ್ 1ಕ್ಕೆ ಹಿರಿಯರ ದಿನಾಚರಣೆ ಮಾಡಿ ಶಾಲು ಹೊದಿಸೋದು. ಮನೇಲೇ ಇರೋ ಹಿರಿಯರು ಬೆಳಗ್ಗೆ ಹತ್ತರಿಂದ ಸಂಜೆ ಐದರತನಕ ಎಲ್ಲಿ ಕೂರ್ತಾರೆ, ಯಾರ ಹತ್ರ ಮಾತಾಡ್ತಾರೆ, ಒಂದು ಅರ್ಜಿ ತುಂಬ್ಸೋಕೆ ಯಾರ ಕೈಕಾಲು ಹಿಡೀಬೇಕು, ಇದನ್ನ ಕೇಳೋರೇ ಇಲ್ಲ.

ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರಲ್ಲಿ ಕೊಟ್ಟ ವರದಿ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ 60 ದಾಟಿದವರು ಶೇ 10.5 ಇದ್ರು, 2050ಕ್ಕೆ ಶೇ 20.8 ಆಗ್ತಾರೆ. ಐದು ಜನದಲ್ಲಿ ಒಬ್ರು. ಈಗ ನಲವತ್ತರ ಆಸುಪಾಸಲ್ಲಿ ಇದನ್ನ ಓದ್ತಿರೋರು ಆ ಹೊತ್ತಿಗೆ ಆ ಲೆಕ್ಕದಲ್ಲೇ ಬರ್ತೀವಿ.

ನಮ್ಮೂರು ಕಾಟನ್ ಮಿಲ್ಲುಗಳಿಂದ ಬೆಳೆದ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸ್ರು ಬಂದಿದ್ದೇ ಅದ್ರಿಂದ. ಮಿಲ್ಲುಗಳು ಮುಚ್ಚಿದ್ವು, ಅಲ್ಲಿ ಶಿಫ್ಟ್ ಮಾಡಿದ ಜನ ಈಗ ಎಪ್ಪತ್ತು ದಾಟಿದಾರೆ. ಪಿ.ಜೆ. ಬಡಾವಣೆ, ವಿದ್ಯಾನಗರ, ಎಂ.ಸಿ.ಸಿ. ಬ್ಲಾಕ್ ಕಡೆ ದೊಡ್ಡ ದೊಡ್ಡ ಮನೇಲಿ ಗಂಡ ಹೆಂಡ್ತಿ ಇಬ್ರೇ, ಮಕ್ಳು ಬೆಂಗಳೂರಲ್ಲೋ ಅಮೆರಿಕದಲ್ಲೋ. ಹಳೇ ದಾವಣಗೆರೆ ಕಡೆ ಸಣ್ಣ ಮನೇಲಿ ಏಳೆಂಟು ಜನ, ಅಲ್ಲಿ ಅಜ್ಜನಿಗೆ ಹಗಲೊತ್ತು ಕಾಲು ಚಾಚೋಕೂ ಜಾಗ ಇಲ್ಲ. ಎರಡೂ ಮನೆ ಹಿರಿಯರಿಗೆ ಬೇಕಾಗಿರೋದು ಒಂದೇ, ನಡ್ಕೊಂಡು ಹೋಗೋ ದೂರದಲ್ಲಿ ಹಗಲೊತ್ತು ಹೋಗಿ ಬರೋಕೆ ಒಂದು ಜಾಗ.

ನಾನು ಹೇಳ್ತಿರೋದು ಮಲಗೋ ವ್ಯವಸ್ಥೆ ಇರೋ ಆಶ್ರಮ ಅಲ್ಲ. ಪಾಲಿಕೇಲಿ 45 ವಾರ್ಡ್ ಅದಾವೆ, ಸಮುದಾಯ ಭವನಗಳು ಎಷ್ಟೋ ಕಡೆ ಮದುವೆ, ನಾಮಕರಣ ಬಿಟ್ರೆ ಬೀಗ ಹಾಕ್ಕೊಂಡೇ ಇರ್ತಾವೆ. ಅದೇ ಬಾಗಿಲು ವಾರದಲ್ಲಿ ಐದು ದಿನ ತೆಗೀಲಿ. ಕುರ್ಚಿ, ಪೇಪರ್, ಬಿಪಿ ನೋಡೋ ಮಷೀನು, ಅರ್ಜಿ ತುಂಬ್ಕೊಡೋ ಒಬ್ರು, ದಿನಕ್ಕೊಂದು ತಾಸು ಏನಾದ್ರೂ ಕಲಿಸೋದು, ಅಥ್ವಾ ಹಿರಿಯರೇ ಬೇರೆಯವರಿಗೆ ಕಲಿಸೋದು. ಸೇವೆ ಒಂದು ಕಡೆ, ಕಲಿಕೆ ಇನ್ನೊಂದು ಕಡೆ ಅಂತ ಮಾಡಿದ್ರೆ ಎರಡೂ ನಡೆಯಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಿಮ್ಮದು ಹೇಳಿ.

ಮಿಲ್ ಕಾರ್ಮಿಕನ ಮಗ:
ಅಣ್ಣಾ, ಯೋಚನೆ ಚೆನ್ನಾಗೈತೆ ಆದ್ರೆ ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಆಗಬಾರ್ದು. ನಮ್ಮಪ್ಪಾಜಿ ಮಿಲ್ಲಲ್ಲಿ ಸ್ಪಿನ್ನಿಂಗ್ ಖಾತೇಲಿ ಇದ್ರು. ಪಿಎಫ್ ಇದ್ದ ಕಾರ್ಮಿಕರಿಗೆ ಬರೋ ಇಪಿಎಸ್ 95 ಪೆನ್ಶನ್ನು ಕನಿಷ್ಠ 1,000 ರೂಪಾಯಿ ಅಂತ 2014ರಲ್ಲಿ ಮಾಡಿದ್ದು, ಇವತ್ತಿಗೂ ಎಷ್ಟೋ ಜನ ಅದ್ರ ಆಜುಬಾಜೇ ಇದಾರೆ. ರಾಜ್ಯ ಸರ್ಕಾರ ಹಿರಿಯರಿಗೆ ಕೊಡೋ ಸಂಧ್ಯಾ ಸುರಕ್ಷಾ ಪೆನ್ಶನ್ನು 1,200. ಕೇಂದ್ರದ ವೃದ್ಧಾಪ್ಯ ವೇತನದಲ್ಲಿ 80 ಆಗದವರಿಗೆ ಕೇಂದ್ರದ ಪಾಲು ಇನ್ನೂ 200 ರೂಪಾಯಿನೇ. ಶುಗರ್ ಮಾತ್ರೆ, ಬಿಪಿ ಮಾತ್ರೆ ತಗೊಂಡ್ರೆ ಉಳಿಯೋದೇನು ಹೇಳ್ರಿ. ಮೊದ್ಲು ದುಡ್ಡು ಸರಿಯಾಗಿ ಬರ್ಲಿ, ಆಮೇಲೆ ಕ್ಲಾಸು.

ನಿಟುವಳ್ಳಿ ನಿವಾಸಿ:
ನಿಮ್ಮ ಸಿಟ್ಟು ನ್ಯಾಯವಾಗೇ ಐತೆ, ಪೆನ್ಶನ್ ಹೆಚ್ಚಾಗ್ಬೇಕು ಅನ್ನೋದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಈಗ ಬರೋ ದುಡ್ಡೇ ಕೈಗೆ ಸಿಗದೆ ಇರೋದು ಎಷ್ಟು ಐತೆ ಅಂತ ನಮ್ಮ ಓಣೀಲಿ ನೋಡಿದೀನಿ. ಪಕ್ಕದ ಮನೆ ಅಜ್ಜಿಗೆ ಸಂಧ್ಯಾ ಸುರಕ್ಷಾ ನಿಂತೋಯ್ತು, ಬ್ಯಾಂಕಲ್ಲಿ ಬಂದಿಲ್ಲ ಅಂತಾರೆ, ನಾಡಕಚೇರಿಯಲ್ಲಿ ಹಾಕಿದೀವಿ ಅಂತಾರೆ. ಅಜ್ಜಿ ಬಿಸಿಲಲ್ಲಿ ಎರಡರ ಮಧ್ಯೆ ಓಡಾಡಿ ಓಡಾಡಿ ಸುಸ್ತು. ಕೊನೆಗೆ ನೋಡಿದ್ರೆ ಯಾವಾಗ್ಲೋ ಸಂಘದವರು ಸಾಲಕ್ಕೆ ಅಂತ ಬೇರೆ ಬ್ಯಾಂಕಲ್ಲಿ ಇನ್ನೊಂದು ಖಾತೆ ಮಾಡ್ಸಿದ್ರು, ಆಧಾರ್ ಮ್ಯಾಪಿಂಗ್ ಆ ಖಾತೆಗೆ ಹೋಗಿತ್ತು. ಸರ್ಕಾರದ ದುಡ್ಡು ಡಿಬಿಟೀಲಿ, ಅಂದ್ರೆ ನೇರ ಖಾತೆಗೆ ಹಾಕೋ ವ್ಯವಸ್ಥೇಲಿ, ಆಧಾರ್ ಮೇಲೆ ಬರುತ್ತಲ್ಲ, ಕೊನೇಗೆ ಯಾವ ಖಾತೆಗೆ ಮ್ಯಾಪ್ ಆಗಿರುತ್ತೋ ಅಲ್ಲಿಗೇ ಬೀಳುತ್ತೆ, ಅರ್ಜೀಲಿ ಬರೆದ ಖಾತೆ ನೋಡಲ್ಲ. ದುಡ್ಡೆಲ್ಲಾ ಅಲ್ಲೇ ಜಮಾ ಆಗಿತ್ತು, ಅಜ್ಜಿ ಮಾತ್ರ ಅಂಗಡೀಲಿ ಉದ್ರಿ ಹೇಳಿ ಅಕ್ಕಿ ತರ್ತಿದ್ಲು.

ಮೈಆಧಾರ್ ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಐತೆ, ಒಂದು ಓಟಿಪಿ ಹಾಕಿದ್ರೆ ಯಾವ ಬ್ಯಾಂಕು ಅಂತ ತೋರಿಸುತ್ತೆ. ಐದು ನಿಮಿಷದ ಕೆಲ್ಸ. ಆ ಐದು ನಿಮಿಷ ಕೊಡೋರು ಓಣೀಲಿ ಇರ್ಲಿಲ್ಲ, ಅಷ್ಟೇ. ಹಗಲು ಕೇಂದ್ರದಲ್ಲಿ ಇಂಥವ್ರು ಒಬ್ರು ಇರ್ಲಿ ಅಂತಾನೇ ನಾನು ಕೇಳ್ತಿರೋದು.

ಮಿಲ್ ಕಾರ್ಮಿಕನ ಮಗ:
ಇದು ಒಪ್ತೀನಿ. ಅಂದಹಾಗೆ ನವೆಂಬರ್ ಬಂದ್ರೆ ಪೆನ್ಶನ್ ನಿಲ್ಲದಂಗೆ ಬದುಕಿದೀವಿ ಅಂತ ತೋರ್ಸೋ ಲೈಫ್ ಸರ್ಟಿಫಿಕೇಟ್‌ಗೆ ಅಂತ ಬ್ಯಾಂಕ್ ಮುಂದೆ ನಿಂತಿರೋರಿಗೆ ಒಂದು ಮಾತು, ಇಪಿಎಸ್‌ನವರು ನವೆಂಬರ್‌ಗೇ ಕಾಯ್ಬೇಕಂತಿಲ್ಲ, ಯಾವ ತಿಂಗ್ಳು ಕೊಟ್ರೂ ಅಲ್ಲಿಂದ ಒಂದು ವರ್ಷ ನಡೆಯುತ್ತೆ. ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡ್ಕೊಡ್ತಾರೆ. ಬೆರಳು ಸವೆದು ಥಂಬ್ ಬರ್ದೇ ಇರೋರಿಗೆ ಮುಖ ತೋರ್ಸಿ ಮಾಡೋದೂ ಬಂದೈತೆ. ಅಪ್ಪಾಜಿ ಬೆರಳು ನೂಲು ಎಳೆದು ಎಳೆದು ನುಣ್ಣಗಾಗಿದಾವೆ, ಮಷೀನು ಹಿಡಿಯೋದೇ ಇಲ್ಲ, ಮುಖದ್ದು ಬಂದ್ಮೇಲೆ ಒಂಚೂರು ನೆಮ್ಮದಿ.

ಕೆ.ಟಿ.ಜೆ. ನಗರದ ಸೊಸೆ:
ನಾನು ಕಲಿಕೆ ವಿಷಯ ಮಾತಾಡ್ತೀನಿ. ನಮ್ಮತ್ತೆಗೆ 67, ಶಾಲೆ ಮೆಟ್ಲು ಹತ್ತಿದವರಲ್ಲ. 2023ರಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ಅವ್ರಿಗೆ ಎಲ್ಲಿಲ್ಲದ ಹುರುಪು, ಮಗಳ ಮನೆ, ತಂಗಿ ಮನೆ, ಹರಿಹರದ ಹರಿಹರೇಶ್ವರ ಅಂತ ಓಡಾಡೋಕೆ ಶುರು ಮಾಡಿದ್ರು. ಟಿಕೆಟ್ ದುಡ್ಡಿನ ತೊಂದ್ರೆ ಹೋಯ್ತು, ಆದ್ರೆ ಬೋರ್ಡು ಓದೋಕೆ ಬರಲ್ಲ. ಬಸ್ ಸ್ಟ್ಯಾಂಡಲ್ಲಿ ನಿಂತು ಯಪ್ಪಾ ಇದೆಲ್ಲಿಗ್ ಹೋಕ್ಕತಿ ಅಂತ ಕೇಳಿದ್ರೆ ಮೊಬೈಲ್ ನೋಡ್ತಿರೋ ಹುಡುಗ್ರು ತಲೆ ಎತ್ತಲ್ಲ.

ಅ ಆ ಇ ಈ ಇಂದ ಶುರು ಮಾಡಿದ್ರೆ ಅವ್ರಿಗೆ ಬೇಜಾರು, ಈ ವಯಸ್ಸಲ್ಲಿ ಅರಸ ಆಟ ಅಂತ ಓದ್ಲೇನೇ ಅಂದ್ರು. ಅದಕ್ಕೆ ನಾನು ಬೋರ್ಡಿಂದಲೇ ಶುರು ಮಾಡ್ದೆ. ಹರಿಹರ. ನಾಲ್ಕಕ್ಷರ, ಅದ್ರಲ್ಲಿ ಹ ಎರಡ್ಸಲ, ರ ಒಂದು, ರಿ ಒಂದು, ಅಂದ್ರೆ ಕಲಿಯೋದು ಎರಡೇ ಅಕ್ಷರ ಮತ್ತೆ ಒಂದು ಗುಡಿಸು. ಅವತ್ತೇ ಹಿಡಿದ್ಬಿಟ್ರು. ಆಮೇಲೆ ಜಗಳೂರು ಬಂತು, ಅದ್ರಲ್ಲಿ ರ ಆಗ್ಲೇ ಪರಿಚಯ, ಕೊಂಬು ದೀರ್ಘ ಹೊಸದು. ಹೊನ್ನಾಳಿ ಹತ್ರ ಬಂದು ಒತ್ತಕ್ಷರ ನೋಡಿ ನಿಂತ್ಬಿಟ್ರು, ಕೆಳಗಡೆ ನೇತಾಡ್ತಿರೋದು ಯಾವ್ದು ಅಂತ. ಅದಕ್ಕೆ ಚನ್ನಗಿರಿನೂ ಪಕ್ಕದಲ್ಲಿ ಬರ್ದು ಎರಡ್ರಲ್ಲೂ ಒಂದೇ ಒತ್ತು ಐತೆ ಅಂತ ತೋರಿಸ್ದೆ, ಅರ್ಥ ಆಯ್ತು. ಈಗ ಔಷಧಿ ಡಬ್ಬಿ ಮೇಲೆ ನಾನು ಬೆಳಗ್ಗೆ, ರಾತ್ರಿ ಅಂತ ಬರೆದಿಟ್ಟಿದ್ದನ್ನ ಓದಿ ತಾವೇ ತಗೋತಾರೆ.

ಸರ್ಕಾರದ್ದು ಉಲ್ಲಾಸ್ ಅಂತ ಕಾರ್ಯಕ್ರಮ ಐತೆ, 2022ರಿಂದ 2027ರತನಕ, 15 ವರ್ಷ ದಾಟಿದ ಯಾರಾದ್ರೂ ಸೇರಬಹುದು, ಕಲ್ಸೋರು ಸ್ವಯಂಸೇವಕರು. ಚೆನ್ನಾಗೈತೆ, ಆದ್ರೆ 20 ವರ್ಷದವ್ರಿಗೂ 70 ವರ್ಷದವ್ರಿಗೂ ಒಂದೇ ಪುಸ್ತಕ ಒಂದೇ ವೇಗ ಅಂದ್ರೆ ಆಗಲ್ಲ. ಮೊದ್ಲು ಕಣ್ಣು ತೋರಿಸ್ಬೇಕು, ಪೊರೆ ಇಟ್ಕೊಂಡು ಕೂತ್ರೆ ಅಕ್ಷರ ಹೇಗೆ ಕಾಣುತ್ತೆ. ಮಹಾರಾಷ್ಟ್ರದ ಠಾಣೆ ಜಿಲ್ಲೆ ಫಾಂಗಣೆ ಅನ್ನೋ ಹಳ್ಳೀಲಿ 2016ರಲ್ಲಿ ಅಜ್ಜಿಯರಿಗೇ ಒಂದು ಶಾಲೆ ಶುರು ಮಾಡಿದ್ರು, ಗುಲಾಬಿ ಸೀರೆ ಯೂನಿಫಾರಂ, ಮಧ್ಯಾಹ್ನ ಮನೆಕೆಲ್ಸ ಮುಗಿಸಿ ಬರ್ತಾರೆ. ಕೇರಳದ ಕಾರ್ತ್ಯಾಯನಿ ಅಮ್ಮ 2018ರಲ್ಲಿ 96ನೇ ವಯಸ್ಸಿಗೆ ಸಾಕ್ಷರತಾ ಪರೀಕ್ಷೇಲಿ ನೂರಕ್ಕೆ 98 ತಗೊಂಡ್ರು. ವಯಸ್ಸಾಯ್ತು ತಲೆಗೆ ಹತ್ತಲ್ಲ ಅನ್ನೋ ಮಾತನ್ನ ನಾನು ಇನ್ಮೇಲೆ ಕೇಳೋಕೆ ತಯಾರಿಲ್ಲ.

ಒಂದೇ ಬೇಡಿಕೆ, ಹೆಂಗಸ್ರಿಗೆ ಬೆಳಗ್ಗೆ ಹತ್ತಕ್ಕೆ ಬನ್ನಿ ಅನ್ಬೇಡಿ. 67 ಆದ್ರೂ ರೊಟ್ಟಿ ಬಡಿಯೋದು ಅವ್ರೇ. ಮೂರರಿಂದ ಐದು ಸರಿ ಟೈಮು.

ಸ್ಟಾಫ್ ನರ್ಸ್, ದಾವಣಗೆರೆ:
ಅಕ್ಕ ಬರ್ದಿದ್ದು ಓದಿ ಬಾಳ ಖುಷಿಯಾಯ್ತು. ನಾನು ವಾರ್ಡಲ್ಲಿ ದಿನಾ ನೋಡೋದನ್ನ ಹೇಳ್ತೀನಿ. ಹಿರಿಯರು ಬಿದ್ದು ಸೊಂಟ ಮುರ್ಕೊಂಡು ಬರ್ತಾರಲ್ಲ, ಎಲ್ಲಿ ಬಿದ್ರಿ ಅಂದ್ರೆ ಹೆಚ್ಚಿನವ್ರು ಹೇಳೋದು ಬಚ್ಚಲು. ರಾತ್ರಿ ಎದ್ದು ಹೋಗುವಾಗ ಲೈಟ್ ಹಾಕಿರಲ್ಲ, ನೆಲ ಒದ್ದೆ, ಹಿಡ್ಕೊಳ್ಳೋಕೆ ಏನೂ ಇಲ್ಲ, ಬಿಪಿ ಮಾತ್ರೆ ತಗೊಂಡಿರ್ತಾರೆ ಪಟ್ ಅಂತ ಎದ್ರೆ ತಲೆ ಸುತ್ತುತ್ತೆ. ಸೊಂಟ ಮುರಿದ್ಮೇಲೆ ತಿಂಗಳುಗಟ್ಲೆ ಹಾಸಿಗೆ, ಬೆನ್ನಲ್ಲಿ ಹುಣ್ಣು, ಎದೇಲಿ ಕಫ, ಎಷ್ಟೋ ಜನ ಮತ್ತೆ ಮೊದಲಿನಂಗೆ ಓಡಾಡಲ್ಲ. ಗೋಡೆಗೆ ಒಂದು ಸ್ಟೀಲ್ ಪೈಪು ಹಾಕ್ಸಿದ್ರೆ ತಪ್ಪೋದು ಎಷ್ಟಿತ್ತು. ಹಾಸಿಗೆಯಿಂದ ಏಳೋಕೆ ಮುಂಚೆ ಒಂದು ನಿಮಿಷ ಕಾಲು ಇಳಿಬಿಟ್ಟು ಕೂರ್ಬೇಕು, ಕುರ್ಚಿ ಹಿಡ್ಕೊಂಡು ಹಿಮ್ಮಡಿ ಎತ್ತೋ ವ್ಯಾಯಾಮ ಹೇಗೆ ಮಾಡ್ಬೇಕು, ಇದನ್ನ ಕಲ್ಸೋದೂ ಶಿಕ್ಷಣನೇ ಅಲ್ವಾ.

ಹಿರಿಯರ ಆರೋಗ್ಯಕ್ಕೆ ಅಂತ ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ಐತೆ, ಜಿಲ್ಲಾ ಆಸ್ಪತ್ರೇಲಿ ಹತ್ತು ಹಾಸಿಗೆ ವಾರ್ಡು, ಫಿಸಿಯೋಥೆರಪಿ ಅಂತೆಲ್ಲಾ ಅದ್ರಲ್ಲಿ ಬರ್ದೈತೆ. ಆದ್ರೆ ಅಲ್ಲಿಗೆ ಬರೋರು ನಡೆಯೋಕಾಗೋರು. ಹಾಸಿಗೆ ಹಿಡಿದವ್ರ ಕಥೆ? ಕೇರಳದಲ್ಲಿ ಕೋಳಿಕ್ಕೋಡಲ್ಲಿ 1993ರಲ್ಲಿ ಶುರುವಾದ ಪ್ಯಾಲಿಯೇಟಿವ್ ಕೆಲ್ಸ, ಅಂದ್ರೆ ವಾಸಿಯಾಗದ ಕಾಯಿಲೆಯವ್ರ ನೋವು ಕಡಿಮೆ ಮಾಡೋ ಆರೈಕೆ, ಆಮೇಲೆ ಓಣಿ ಓಣಿಗೆ ಹರಡ್ತು, ಊರಿನ ಜನನೇ ಟ್ರೈನಿಂಗ್ ತಗೊಂಡು ವಾರಕ್ಕೊಂದಿಷ್ಟು ಹೊತ್ತು ಮನೆ ಮನೆಗೆ ಹೋಗ್ತಾರೆ, ಜೊತೆಗೆ ನರ್ಸು. 2008ರಲ್ಲಿ ಅಲ್ಲಿ ಸರ್ಕಾರ ಅದಕ್ಕೊಂದು ನೀತಿನೇ ಮಾಡ್ತು. ನಮ್ಮಲ್ಲಿ ಮೆಡಿಕಲ್ ಕಾಲೇಜು, ನರ್ಸಿಂಗ್ ಕಾಲೇಜಿಗೆ ಬರ ಇಲ್ಲ, ಮಾಡೋಕಾಗಲ್ವಾ? ನಿಮ್ಮ ಹಗಲು ಕೇಂದ್ರ ಬರೀ ಬರೋರಿಗೆ ಅಷ್ಟೇ ಆದ್ರೆ ಅರ್ಧ ಕೆಲ್ಸ. ಬರೋಕಾಗದವ್ರ ಮನೆಗೆ ಅಲ್ಲಿಂದ ಜನ ಹೋಗ್ಬೇಕು. ಅವ್ರನ್ನ ನೋಡ್ಕೊಳ್ಳೋ ಸೊಸೆ ಮಗಳಿಗೂ ಮೈ ಹೊರಳಿಸೋದು, ಟ್ಯೂಬಲ್ಲಿ ಊಟ ಕೊಡೋದು ಹೇಳ್ಕೊಡ್ಬೇಕು, ವಾರಕ್ಕೆ ಎರಡು ತಾಸು ಅವ್ರಿಗೂ ಹೊರಗೆ ಹೋಗಿ ಬರೋಕೆ ಬಿಡುವು ಕೊಡ್ಬೇಕು.

ಚನ್ನಗಿರಿ ಕಡೆಯವ:
ಸಿಟಿ ಬಿಟ್ಟು ಹಳ್ಳಿ ಕಡೀಗೂ ಒಂಚೂರು ಬರ್ರಿ. ನಮ್ಮಲ್ಲಿ ಗಂಡಸ್ರಿಗೆ ಹಗಲು ಕೇಂದ್ರ ಮೊದ್ಲಿಂದ ಐತೆ, ಅರಳಿ ಕಟ್ಟೆ. ಆದ್ರೆ ಹೆಂಗಸ್ರು ಕಟ್ಟೆ ಮ್ಯಾಲೆ ಕೂರಾಂಗಿಲ್ಲ. ಪಂಚಾಯ್ತಿ ಲೈಬ್ರರಿಗೆ ಈಗ ಅರಿವು ಕೇಂದ್ರ ಅಂತಾರೆ, ಕಂಪ್ಯೂಟರ್ ಇಟ್ಟಾರೆ, ಮಕ್ಳು ಬರ್ತಾವೆ. ಕೂಲಿಗೆ ಹೋಗೋ ತಾಯಂದ್ರ ಮಕ್ಳಿಗೆ ಕೂಸಿನ ಮನೆ ಮಾಡ್ಯಾರೆ, ಒಳ್ಳೇ ಕೆಲ್ಸ. ಅದೇ ಪಂಚಾಯ್ತಿ ಮಧ್ಯಾಹ್ನ ಎರಡು ತಾಸು ಅರಿವು ಕೇಂದ್ರನ ವಯಸ್ಸಾದೋರಿಗೆ ಬಿಟ್ಕೊಟ್ರೆ ಹೊಸ ಕಟ್ಟಡನೇ ಬ್ಯಾಡ. ಕೂಸಿನ ಮನೆ ಮಕ್ಳಿಗೆ ಅಜ್ಜಿಯರು ಕಥೆ ಹೇಳ್ಲಿ, ಇಬ್ರಿಗೂ ಹೊತ್ತು ಹೋಕ್ಕತಿ.

ಆದ್ರೆ ಒಂದು ತಿಳ್ಕಳ್ರಿ, ಅಡಿಕೆ ಸುಗ್ಗಿ ಟೈಮಲ್ಲಿ ನಮ್ಮ ಅಜ್ಜಿಯರು ಯಾರೂ ಬರಂಗಿಲ್ಲ. ಸುಲಿಯೋಕೆ ಕೂತ್ರೆ ಕೆಜಿ ಲೆಕ್ಕದಾಗೆ ದುಡ್ಡು ಬರುತ್ತೆ, ಅದು ಅವ್ರ ಸ್ವಂತ ದುಡ್ಡು, ಯಾರನ್ನೂ ಕೇಳಂಗಿಲ್ಲ. ಸುಗ್ಗಿ ನೋಡ್ಕಂಡು ಕ್ಲಾಸ್ ಇಡ್ಬೇಕು. ಇಲ್ಲಾಂದ್ರೆ ಹಾಜರಾತಿ ಇಲ್ಲ ಅಂತ ಅಧಿಕಾರಿಗಳು ಮುಚ್ಚಿಬಿಡ್ತಾರೆ.

ಹರಿಹರದ ವಕೀಲ:
ವೃದ್ಧಾಶ್ರಮ ಬೇಡ ಅನ್ನೋ ದನಿ ಕೇಳಿಸ್ತಿದೆ, ಅದನ್ನ ನಾನು ಒಪ್ಪಲ್ಲ. ಮಕ್ಕಳಿಲ್ಲದವರು, ಮನೇಲಿ ಹೊಡೆತ ತಿನ್ನೋರು ಎಲ್ಲಿಗೆ ಹೋಗ್ಬೇಕು? 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೇಲಿ ಜಿಲ್ಲೆಗೆ ಒಂದಾದ್ರೂ 150 ಜನರ ವೃದ್ಧಾಶ್ರಮ ಸರ್ಕಾರ ಮಾಡಬಹುದು ಅಂತ ಇದೆ. ಹಗಲು ಕೇಂದ್ರ ಬೇಕು, ಆಶ್ರಯನೂ ಬೇಕು.

ನೀವು ಕಲಿಸೋ ಪಾಠದಲ್ಲಿ ಇದೊಂದು ಸೇರಿಸಿ. ಮನೆ ಜಮೀನು ಮಗನ ಹೆಸರಿಗೆ ದಾನಪತ್ರ ಮಾಡೋ ಮುಂಚೆ, ನನ್ನ ಊಟ ಬಟ್ಟೆ ಔಷಧಿ ಎಲ್ಲಾ ನೋಡ್ಕೋಬೇಕು ಅನ್ನೋ ಷರತ್ತನ್ನ ಪತ್ರದಲ್ಲೇ ಬರೆಸಬೇಕು. ಆಗ ನೋಡ್ಕೊಳ್ಳದೇ ಇದ್ರೆ 23ನೇ ಸೆಕ್ಷನ್ ಕೆಳಗೆ ಆ ಪತ್ರ ರದ್ದು ಮಾಡಿಸೋಕೆ ಆಗುತ್ತೆ. ಷರತ್ತು ಬರೆಸದೇ ಇದ್ರೆ ಸಾಬೀತು ಮಾಡೋದು ಕಷ್ಟ, ಸುಪ್ರೀಂ ಕೋರ್ಟ್ 2022ರಲ್ಲಿ ಇದನ್ನ ಹೇಳಿದೆ. ಅರ್ಜಿ ಹಾಕೋದು ಉಪವಿಭಾಗಾಧಿಕಾರಿ ಹತ್ರ, ಅಂದ್ರೆ ಎ.ಸಿ. ಆಫೀಸು. ಜೀವನಾಂಶ ತಿಂಗಳಿಗೆ 10,000ದತನಕ ಕೊಡಿಸಬಹುದು. ಮಗನ ಮೇಲೆ ಕೇಸು ಹಾಕೋದು ಹೇಗಪ್ಪಾ ಅಂತ ಅಳ್ತಾ ವಾಪಸ್ ಹೋಗೋ ತಾಯಂದ್ರನ್ನ ನೋಡಿದೀನಿ. ಅವರಿಗೆ ಮೊದ್ಲು 14567ಗೆ ಫೋನ್ ಮಾಡಿ ಮಾತಾಡಿ ಅಂತ ಹೇಳ್ತೀನಿ, ಹಿರಿಯರಿಗೇ ಇರೋ ಸಹಾಯವಾಣಿ, ದುಡ್ಡಿಲ್ಲ.

ಮೊಬೈಲ್ ಅಂಗಡಿ ಹುಡುಗ, ಅಶೋಕ ರಸ್ತೆ:
ನಂದೂ ಒಂದು ಮಾತು. ನಮ್ಮಂಗಡಿಗೆ ಬರೋ ತಾತಂದ್ರು ಫೋನ್ ಕೈಗೆ ಕೊಟ್ಟು ನೀನೇ ಮಾಡಪ್ಪ ಅಂತಾರೆ, ನಾವು ಟಕ ಟಕ ಒತ್ತಿ ಕೊಡ್ತೀವಿ, ಅವ್ರು ಏನೂ ಕಲಿಯಲ್ಲ, ಮತ್ತೆ ನಾಳೆ ಬರ್ತಾರೆ. ಮನೇಲಿ ಮೊಮ್ಮಕ್ಳು ಮಾಡೋದೂ ಇದೇ. ಕಲ್ಸೋರು ಫೋನ್ ಮುಟ್ಟಲೇಬಾರ್ದು, ಇದು ಮೊದಲ್ನೇ ರೂಲ್ಸ್ ಆಗ್ಬೇಕು. ಅವ್ರ ಕೈಲಿ ಫೋನ್ ಇರ್ಲಿ, ನಾವು ಬಾಯಲ್ಲಿ ಹೇಳ್ಬೇಕು, ಎಷ್ಟೊತ್ತಾದ್ರೂ ಆಗ್ಲಿ. ಅಕ್ಷರ ದೊಡ್ಡದು ಮಾಡ್ಕೊಡಿ, ಕೀಬೋರ್ಡಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದ್ರೆ ತಾನೇ ಟೈಪ್ ಆಗುತ್ತೆ ಅಂತ ತೋರ್ಸಿ, ಮುಖ ಅರಳುತ್ತೆ ಅವ್ರದ್ದು.

ಮತ್ತೆ ಈ ಡಿಜಿಟಲ್ ಅರೆಸ್ಟ್ ಮೋಸ. ಪೊಲೀಸ್ ಡ್ರೆಸ್ ಹಾಕ್ಕೊಂಡು ವಿಡಿಯೋ ಕಾಲ್ ಮಾಡಿ ನಿಮ್ಮ ಹೆಸ್ರಲ್ಲಿ ಪಾರ್ಸೆಲ್ ಸಿಕ್ಕಿದೆ, ಫೋನ್ ಕಟ್ ಮಾಡಂಗಿಲ್ಲ, ಮನೆಯವ್ರಿಗೂ ಹೇಳಂಗಿಲ್ಲ ಅಂತ ಹೆದರಿಸ್ತಾರೆ. ಒಂಟಿಯಾಗಿರೋರೇ ಸಿಕ್ಕಿ ಬೀಳೋದು, ಯಾಕಂದ್ರೆ ಪಕ್ಕದಲ್ಲಿ ಕೇಳೋಕೆ ಜನ ಇಲ್ಲ. ವಿಡಿಯೋ ಕಾಲಲ್ಲಿ ಅರೆಸ್ಟ್ ಮಾಡೋದು ಅಂತ ಕಾನೂನಲ್ಲೇ ಇಲ್ಲ. ದುಡ್ಡು ಹೋಗಿದ್ರೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಗೆ ಫೋನ್, ಬೇಗ ಹೇಳಿದಷ್ಟೂ ದುಡ್ಡು ತಡೆಯೋ ಚಾನ್ಸ್ ಜಾಸ್ತಿ. ನಾನು ಮಂಗಳವಾರ ಮಧ್ಯಾಹ್ನ ಬಂದು ಪುಕ್ಕಟೆ ಹೇಳ್ಕೊಡೋಕೆ ರೆಡಿ.

ನಿವೃತ್ತ ಮೇಷ್ಟ್ರು:
ಈ ಹುಡುಗನಿಗೆ ನನ್ನ ಆಶೀರ್ವಾದ. ನನ್ನದೊಂದು ತಕರಾರು ಮಾತ್ರ ಇದೆ, ಎಲ್ಲರೂ ಹಿರಿಯರಿಗೆ ಕಲಿಸೋ ಮಾತೇ ಆಡ್ತಿದೀರಿ. 1973ರಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ನಿವೃತ್ತರಿಗಾಗಿ ಒಂದು ವಿಶ್ವವಿದ್ಯಾಲಯ ಶುರುವಾಯ್ತು, ಮೂರನೇ ವಯಸ್ಸಿನ ವಿಶ್ವವಿದ್ಯಾಲಯ ಅಂತ. ಅಲ್ಲಿ ಪ್ರೊಫೆಸರುಗಳು ಪಾಠ ಮಾಡ್ತಿದ್ರು. ಅದು 1980ರ ದಶಕದ ಶುರುವಿನಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ಬಂದಾಗ ಅಲ್ಲಿನವರು ಬದಲಾಯಿಸಿದ್ರು, ಪರೀಕ್ಷೆ ಇಲ್ಲ, ಪದವಿ ಇಲ್ಲ, ಸದಸ್ಯರೇ ಒಬ್ಬರಿಗೊಬ್ಬರು ಕಲಿಸೋದು. ನಮಗೆ ಹೊಂದೋದು ಈ ಎರಡನೇದು. ನಮ್ಮಲ್ಲಿ ಮಗ್ಗ ಬಿಚ್ಚಿ ಜೋಡಿಸಬಲ್ಲ ಫಿಟ್ಟರುಗಳು ಇದಾರೆ, ವಚನ ಬಾಯಿಪಾಠ ಹೇಳೋರಿದಾರೆ, ಸೋಬಾನೆ ಪದ ಹಾಡೋರು, ಸೂಲಗಿತ್ತಿಯರು ಇದಾರೆ. ಐ.ಟಿ.ಐ. ಮಕ್ಕಳು ಅವರ ಹತ್ರ ಬಂದು ಕೂರಲಿ. ತೋಳಹುಣಸೆಯಲ್ಲಿರೋ ದಾವಣಗೆರೆ ವಿಶ್ವವಿದ್ಯಾಲಯದಿಂದ ವಿದ್ಯಾರ್ಥಿಗಳು ಬಂದು ಇವರ ಹಾಡು, ಮಿಲ್ಲಿನ ನೆನಪು ರೆಕಾರ್ಡ್ ಮಾಡಿಕೊಳ್ಳಲಿ. ಪದವಿನೇ ಬೇಕು ಅನ್ನೋ ಹಿರಿಯರಿಗೆ ಮುಕ್ತ ವಿಶ್ವವಿದ್ಯಾಲಯ 1996ರಿಂದ ಇದ್ದೇ ಇದೆ, ಅಲ್ಲಿ ವಯಸ್ಸು ಹೆಚ್ಚಾಯ್ತು ಅಂತ ಯಾರೂ ತಡೆಯಲ್ಲ.

ಆಜಾದ್ ನಗರ ನಿವಾಸಿ:
ಸರ್, ನಮ್ಮ ಕಡೆ ಮಂಡಕ್ಕಿ ಭಟ್ಟೀಲಿ ದುಡಿದ ಹಿರಿಯರು ಬಹಳ ಇದಾರೆ, ವರ್ಷಾನುಗಟ್ಲೆ ಹೊಗೆ ಕುಡಿದು ಈಗ ಹತ್ತು ಹೆಜ್ಜೆ ನಡೆದ್ರೆ ದಮ್ಮು. ಅವ್ರಿಗೆ ಪಿಎಫ್ ಇಲ್ಲ, ಇಪಿಎಸ್ ಇಲ್ಲ. ಕೇಂದ್ರ ಮಾಡುವಾಗ ದಯವಿಟ್ಟು ಗುಡಿ ಆವರಣದಲ್ಲಾಗ್ಲಿ ಮಸೀದಿ ಆವರಣದಲ್ಲಾಗ್ಲಿ ಮಾಡ್ಬೇಡಿ, ಪಾಲಿಕೆ ಜಾಗದಲ್ಲೇ ಆಗ್ಲಿ, ಆಗ ಎಲ್ರೂ ಬರ್ತಾರೆ. ನಮ್ಮಮ್ಮನಿಗೆ ಉರ್ದು ಓದೋಕೆ ಬರುತ್ತೆ ಕನ್ನಡ ಬರಲ್ಲ, ಕನ್ನಡ ಕಲೀಬೇಕು ಅಂತ ಆಸೆ ಐತೆ. ಆ ಕೆ.ಟಿ.ಜೆ. ನಗರದ ಅಕ್ಕನ ಬೋರ್ಡ್ ಪಾಠ ಫೋಟೋ ಹಾಕ್ತೀರಾ?

ಕೆ.ಟಿ.ಜೆ. ನಗರದ ಸೊಸೆ:
ಖಂಡಿತ ಹಾಕ್ತೀನಿ. ಅಮ್ಮನ್ನ ಕರ್ಕೊಂಡೇ ಬನ್ನಿ, ನಮ್ಮತ್ತೆ ಅವ್ರಿಗೆ ಹೇಳ್ಕೊಡ್ಲಿ, ಅವ್ರಿಗೂ ರೂಢಿ ಆಗುತ್ತೆ.

ನಿಟುವಳ್ಳಿ ನಿವಾಸಿ:
ಇಷ್ಟೊಂದು ಜನ ಬರೆದಿದ್ದಕ್ಕೆ ಧನ್ಯವಾದ. ಪಾಲಿಕೆ ಆಯುಕ್ತರಿಗೆ, ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಕೊಡೋ ಮನವೀಲಿ ಹೀಗೆ ಬರೆಯೋಣ ಅಂತಿದೀನಿ. 45 ವಾರ್ಡಿಗೂ ಒಮ್ಮೆಲೇ ಕೇಳಿದ್ರೆ ಫೈಲ್ ಅಲ್ಲೇ ಕೂರುತ್ತೆ, ಮೊದ್ಲು ಎರಡೇ ಎರಡು ಭವನ ಕೇಳೋಣ, ಒಂದು ಹಳೇ ಊರಲ್ಲಿ, ಒಂದು ನಿಟುವಳ್ಳಿ ಕಡೆ. ಸೋಮವಾರದಿಂದ ಶುಕ್ರವಾರ, ಗಂಡಸ್ರಿಗೆ ಬೆಳಗ್ಗೆ ಬಂದ್ರೂ ಸರಿ, ಕಲಿಕೆ ಮಾತ್ರ ಮೂರರಿಂದ ಐದು. ಸಂಬಳದ ಮೇಲೆ ಒಬ್ರು ಬೇಕೇ ಬೇಕು ಅಂತ ಗಟ್ಟಿಯಾಗಿ ಬರೆಯೋಣ, ಬರೀ ಸ್ವಯಂಸೇವಕರ ಮೇಲೆ ಬಿಟ್ರೆ ಮೂರು ತಿಂಗ್ಳಲ್ಲಿ ಬೀಗ ಬೀಳುತ್ತೆ. ಹಾಸಿಗೆ ಹಿಡಿದವ್ರ ಮನೆ ಭೇಟಿಗೆ ನರ್ಸಿಂಗ್ ಕಾಲೇಜುಗಳಿಗೆ ಬೇರೆ ಪತ್ರ. ಆಶ್ರಯದ ವಿಷಯ ವಕೀಲರು ಹೇಳಿದ್ದು ಸರಿ ಐತೆ, ಅದನ್ನೂ ಸೇರಿಸ್ತೀನಿ.

ಸ್ಟಾಫ್ ನರ್ಸ್, ದಾವಣಗೆರೆ:
ಶೌಚಾಲಯ ಮರೀಬೇಡಿ. ಪಾಶ್ಚಾತ್ಯ ಕಮೋಡು, ಪಕ್ಕದಲ್ಲಿ ಹಿಡ್ಕೊಳ್ಳೋ ಪೈಪು, ಒಳಗೆ ಬಿದ್ರೆ ಹೊರಗಿಂದ ತೆಗೆಯೋಕೆ ಬರೋ ಚಿಲಕ. ಸಮುದಾಯ ಭವನಗಳಲ್ಲಿ ಮೆಟ್ಲು ಜಾಸ್ತಿ ಇರ್ತಾವೆ, ಇಳಿಜಾರು ಮಾಡ್ಸಿ ಅಂತನೂ ಬರೀರಿ. ಇದಿಲ್ಲ ಅಂದ್ರೆ ಶುಗರ್ ಇರೋ ಹೆಣ್ಮಕ್ಳು ಒಂದಿನ ಬಂದು ಮಾರನೇ ದಿನ ಬರಲ್ಲ.

ಚನ್ನಗಿರಿ ಕಡೆಯವ:
ಆ ಮನವಿ ಬರ್ದಾದ್ಮ್ಯಾಲೆ ಇಲ್ಲಿ ಹಾಕ್ರಿ ಅಣ್ಣಾರೆ. ನಾವೂ ಸಿಟಿ ಅನ್ನೋ ಕಡೆ ಪಂಚಾಯ್ತಿ, ಭವನ ಅನ್ನೋ ಕಡೆ ಅರಿವು ಕೇಂದ್ರ ಅಂತ ಬರ್ಕಂಡು ಗ್ರಾಮಸಭೇಲಿ ಇಡ್ತೀವಿ. ಗ್ರಾಮಸಭೆ ನಡಾವಳೀಲಿ ಬರೆಸಿದ್ರೆ ಆಮ್ಯಾಲೆ ಇಲ್ಲ ಅನ್ನಾಕೆ ಬರಂಗಿಲ್ಲ.